ಬರಡು ನೆಲ ಯಾರದು?



ಮಠದ ಮರಡಿ ನೆಲವನ್ನು ಎಣ್ಣೆಬೀಜದ ಗಿಡ ಬೆಳೆಸುವುದಕ್ಕೆ ಗುತ್ತಿಗೆ ಕೊಡಬೇಕೆಂದು ಊರಿನ ಕೆಲವು ಹಿರಿಯರು ಕಳೆದ ಸೋಮವಾರ ಬಂದು ಕೇಳಿದರು. ಬೀಜದಿಂದ ಡೀಸೆಲ್ಲಿಗೆ ಬದಲಾಗಿ ಉರಿಯುವ ಎಣ್ಣೆ ಬರುತ್ತದೆ, ಹೇಗೂ ಬರಡು ನೆಲ, ಸುಮ್ಮನೆ ಬಿದ್ದಿದೆ ಎಂಬುದು ಅವರ ವಾದ. ಸುಮ್ಮನೆ ಬಿದ್ದಿದೆ ಎಂಬ ಮಾತನ್ನು ಒಮ್ಮೆ ನಾವೂ ಆಡಿದ್ದೆವು. ಅದನ್ನು ನಿಮ್ಮೆದುರು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

2003ರಲ್ಲಿ ಕೇಂದ್ರ ಯೋಜನಾ ಆಯೋಗದ ಸಮಿತಿಯು ಕಾಡುಹರಳನ್ನು, ಅಂದರೆ ಜಟ್ರೋಫಾವನ್ನು, ಪಾಳುಭೂಮಿಯಲ್ಲಿ ಬೆಳೆಸಬೇಕೆಂದು ಶಿಫಾರಸು ಮಾಡಿತು. ನೀರು ಬೇಡ, ಗೊಬ್ಬರ ಬೇಡ, ದನ ಬಾಯಿ ಹಾಕುವುದಿಲ್ಲ ಎಂದು ಎಲ್ಲೆಡೆ ಪ್ರಚಾರವಾಯಿತು. 2006ರಲ್ಲಿ ನಾವು ಮರಡಿಯ ಎಂಟು ಎಕರೆಗೆ ಮುಳ್ಳುಬೇಲಿ ಹಾಕಿಸಿ ಅದನ್ನೇ ನೆಡಿಸಿದೆವು. ಗಿಡ ಸಾಯಲಿಲ್ಲ, ನಿಜ. ಆದರೆ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ತೇವವೂ ಸಾರವೂ ಇಲ್ಲದ ನೆಲದಲ್ಲಿ ಅದು ಬಿಡುವ ಬೀಜ ಅತ್ಯಲ್ಪ. ದೇಶದ ಅನೇಕ ಕಡೆ ರೈತರು ಕಂಡದ್ದೂ ಇದನ್ನೇ. ನಾಲ್ಕನೆಯ ವರ್ಷ ಆರಿಸಿದ ಬೀಜ ಕೂಲಿಗೂ ಸಾಲಲಿಲ್ಲ. ಕೊಳ್ಳುತ್ತೇವೆಂದಿದ್ದವರು ಇತ್ತ ಸುಳಿಯಲಿಲ್ಲ.

ಅದು ಹಣದ ನಷ್ಟ, ಹೋಗಲಿ. ಒಂದು ಮುಂಜಾನೆ ಆಡು ಕಾಯುವ ಮುದುಕಿಯೊಬ್ಬಳು ಮಠದ ಬಾಗಿಲಿಗೆ ಬಂದು, "ಬುದ್ಧೀ, ಈ ಬೇಲಿ ಹಾಕ್ಸಿದ್ದು ಕಳ್ಳರಿಗಾ, ನನ್ನ ಮರಿಗಳಿಗಾ?" ಎಂದು ಕೇಳಿದಳು. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಮಳೆಗಾಲದಲ್ಲಿ ಅವಳ ಹದಿನಾಲ್ಕು ಆಡುಗಳ ಹೊಟ್ಟೆ ತುಂಬುತ್ತಿದ್ದುದು ಆ ಮರಡಿಯ ಹುಲ್ಲಿನಿಂದ. ಕಾಗದದಲ್ಲಿ ಪಾಳು ಎಂದು ಬರೆದಿದ್ದ ನೆಲದಲ್ಲಿ ಒಂದು ಮನೆಯ ಅನ್ನವಿತ್ತು. ಮರುದಿನವೇ ಬೇಲಿ ತೆಗೆಸಿದೆವು.

ಹಾಗೆಂದು ಎಣ್ಣೆಯ ಮರವೇ ಬೇಡವೆಂದು ನಾವು ಹೇಳುವವರಲ್ಲ. ನಮ್ಮ ಹೊಂಗೆ ಇದೆಯಲ್ಲ! ಅಮರಕೋಶದಲ್ಲಿ ಅದಕ್ಕೆ ನಕ್ತಮಾಲ, ಕರಂಜಕ ಎಂಬ ಹೆಸರುಗಳಿವೆ. ಪಾಠಶಾಲೆಯಲ್ಲಿ ಆ ಹೆಸರುಗಳನ್ನು ನಾವು ಬಾಯಿಪಾಠ ಮಾಡುತ್ತಿದ್ದುದು ಹೊಂಗೆಯ ನೆರಳಿನಲ್ಲಿಯೇ; ಮರ ಇದೇ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ಅವರೆ, ತೊಗರಿಗಳ ಕುಲಕ್ಕೆ ಸೇರಿದ ಈ ಮರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಸೊಪ್ಪು ಗದ್ದೆಗೆ, ಹಿಂಡಿ ಗೊಬ್ಬರಕ್ಕೆ. ಬೀಜದ ತೂಕದ ಕಾಲು ಭಾಗಕ್ಕೂ ಮಿಕ್ಕಿ ಎಣ್ಣೆ. ನಮ್ಮ ಅಜ್ಜಿಯರ ದೀಪಗಳಲ್ಲಿ ಉರಿದದ್ದೂ ಇದೇ ಎಣ್ಣೆ. ಹಿಂಡಿಯನ್ನು ದನಗಳಿಗೆ ಮಾತ್ರ ಹಾಕಬೇಡಿರಿ, ಅದು ಹೊಟ್ಟೆಗಲ್ಲ.

ಆದರೆ ಹೊಂಗೆಯ ಫಲಕ್ಕೆ ಐದಾರು ವರ್ಷ ಕಾಯಬೇಕು. ಆವರೆಗೆ ಉಣ್ಣುವುದೇನನ್ನು? ಆದ್ದರಿಂದ ರಾಗಿಯ ಹೊಲವನ್ನು ಮುಟ್ಟದೆ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ನೆಡಿರಿ.

ಗುತ್ತಿಗೆ ಕೇಳಿದ ಹಿರಿಯರು ಬೇಸರಿಸಬಾರದು, ಮರಡಿಯನ್ನು ಕೊಡುವುದಿಲ್ಲ. ಮುಂಗಾರಿಗೆ ಅದರ ಅಂಚಿನಲ್ಲಿ ಮಠವೇ ಹೊಂಗೆ ನೆಡಿಸುತ್ತದೆ. ಸಸಿಗಳು ಸಿದ್ಧವಾಗಿವೆ, ನಿಮ್ಮ ಬದುಗಳಿಗೂ ಒಯ್ಯಿರಿ. ನಡುವಿನ ಹುಲ್ಲು ಎಂದಿನಂತೆ ಎಲ್ಲರಿಗೂ ಸೇರಿದ್ದು. ನಾಳೆ ಮಠದ ಮರಗಳಿಂದ ಉದುರುವ ಕಾಯಿ ಆರಿಸಿದವರದು. ಅದರಲ್ಲಿ ಮಠಕ್ಕೆ ಪಾಲಿಲ್ಲ.