ಮಾಯದ ಗಾಯವನ್ನು ಮರೆಮಾಡಬೇಡಿ



ಶತಮಾನೋತ್ಸವದ ವೇದಿಕೆಯಲ್ಲಿ ಗುರುಗಳು ಆತ್ಮದ ಮಾತನ್ನು ಬಿಟ್ಟು ಚರ್ಮದ ಮಾತನ್ನೇಕೆ ಎತ್ತಿದರೆಂದು ಕೆಲವರು ಕೇಳಬಹುದು. ನಮ್ಮ ಜನ ಹೊಟ್ಟೆನೋವೆಂದರೆ ವೈದ್ಯರಲ್ಲಿಗೆ ಓಡುತ್ತಾರೆ. ನೋಯದ ಹುಣ್ಣನ್ನು ಮಾತ್ರ ಸಂಕೋಚದಿಂದ ವರ್ಷಗಟ್ಟಲೆ ಬಟ್ಟೆಯ ಮರೆಯಲ್ಲಿಟ್ಟುಕೊಳ್ಳುತ್ತಾರೆ. ಅದಕ್ಕಾಗಿ ಈ ಮಾತು.

ಚರ್ಮದ ಕ್ಯಾನ್ಸರ್ ಬಿಳಿಯರ ರೋಗವೆಂಬ ನಂಬಿಕೆಯುಂಟು. ನಮ್ಮ ಮೈಬಣ್ಣ ಬಿಸಿಲಿನ ಹಾನಿಯನ್ನು ಬಹುಮಟ್ಟಿಗೆ ತಡೆಯುವುದರಿಂದ ಅದು ನಮ್ಮಲ್ಲಿ ವಿರಳವೆಂಬುದು ದಿಟ. ಆದರೆ ಅದಕ್ಕೆ ಬೇರೆ ದಾರಿಗಳಿವೆ: ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಸುಟ್ಟಗಾಯದ ಕಲೆ, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲಿನ ಹುಣ್ಣು, ಒಂದೇ ಜಾಗದಲ್ಲಿ ಎಡೆಬಿಡದೆ ನಡೆಯುವ ಉಜ್ಜಾಟ.

ಇಳಕಲ್ಲಿನ ಸೀರೆಯನ್ನು ನೇಯುವ, ಉಡುವ ತಾಯಂದಿರು ಈ ಕೊನೆಯ ಮಾತನ್ನು ಗಮನಿಸಬೇಕು. 1945ರಲ್ಲಿಯೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಅವರು, ಸೊಂಟಕ್ಕೆ ಬಿಗಿದು ಉಡುವ ಧೋತರದಿಂದ ಉಂಟಾಗುವ ಕ್ಯಾನ್ಸರನ್ನು ವರ್ಣಿಸಿದ್ದರು. 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು ನಮ್ಮ ದೇಶದ ಇಬ್ಬರು ವೃದ್ಧೆಯರ ಪ್ರಕರಣಗಳನ್ನು ಪ್ರಕಟಿಸಿತು. ಅವರಲ್ಲಿ ಮಹಾರಾಷ್ಟ್ರದ ತಾಯಿಗೆ ವಯಸ್ಸು 70. ಒಂಬತ್ತು ಗಜದ ಸೀರೆಯೊಳಗೆ ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವ ರೂಢಿ. ಪಕ್ಕೆಯ ಹುಣ್ಣು 18 ತಿಂಗಳಾದರೂ ಮಾಯಲಿಲ್ಲ. ಇನ್ನೊಬ್ಬರಲ್ಲಿ ರೋಗವು ತೊಡೆಸಂದಿನ ಗ್ರಂಥಿಗೂ ಹಬ್ಬಿತ್ತು. ದೋಷ ಸೀರೆಯದಲ್ಲ, ದಿನವೂ ಅದೇ ಗೆರೆಯಲ್ಲಿ ಚರ್ಮವನ್ನು ಕೊರೆಯುವ ಗಂಟಿನದು. ಲಾಡಿಯ ಬದಲು ಅಗಲವಾದ ಪಟ್ಟಿಯಿರಲಿ, ಕಟ್ಟು ಸಡಿಲವಾಗಿರಲಿ. ಸೊಂಟದ ಚರ್ಮ ಕಪ್ಪಾಗಿ ಸಿಪ್ಪೆಯೇಳುತ್ತಿದ್ದರೆ ಕಟ್ಟುವ ಜಾಗವನ್ನು ಬದಲಿಸಿರಿ.

ಗುರುತುಗಳೇನು? ಒಂದು ತಿಂಗಳಾದರೂ ಮಾಯದ ಹುಣ್ಣು. ಅಂಚು ದಪ್ಪವಾಗಿ ಮೇಲೆದ್ದಿರುವುದು. ಮುಟ್ಟಿದರೆ ರಕ್ತ, ದುರ್ವಾಸನೆ. ಹಳೆಯ ಕಲೆಯಲ್ಲಿ ಹೊಸ ಗಡ್ಡೆ. ಇನ್ನೊಂದು ಬಗೆಯದು ಮೂಗು, ಕಣ್ಣಿನ ರೆಪ್ಪೆಗಳ ಬಳಿ ಹೊಳಪಿನ ಸಣ್ಣ ಗಂಟಾಗಿ ತೋರುತ್ತದೆ. ನಮ್ಮವರಲ್ಲಿ ಅದು ಕಪ್ಪಗಿರುವುದರಿಂದ ಮಚ್ಚೆಯೆಂದು ಬಿಟ್ಟುಬಿಡುತ್ತಾರೆ. ಅದು ದೂರಕ್ಕೆ ಹರಡುವುದು ಅಪರೂಪ, ಸುತ್ತಲಿನ ಭಾಗವನ್ನು ಮಾತ್ರ ಮೆಲ್ಲಗೆ ತಿನ್ನುತ್ತದೆ. ಇವೆಲ್ಲಕ್ಕಿಂತ ಕ್ರೂರವಾದುದು ಮೆಲನೋಮ. ನಮ್ಮಲ್ಲಿ ಅದು ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಕಪ್ಪು ಕಲೆಯಾಗಿ ಹುಟ್ಟುತ್ತದೆ. ಕಲ್ಲುಗಣಿಯಲ್ಲಿಯೂ ಹೊಲದಲ್ಲಿಯೂ ದುಡಿಯುವವರು ಅದನ್ನು ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವೆಂದೇ ಭಾವಿಸುವರು. ಸ್ನಾನದ ವೇಳೆ ಅಂಗಾಲನ್ನು ತಿರುಗಿಸಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಸುಣ್ಣ, ಬೂದಿ, ಅಂಗಡಿಯವನು ಕೊಟ್ಟ ಮುಲಾಮುಗಳಿಂದ ಕಾಲಹರಣವೇ ಹೊರತು ಗುಣವಿಲ್ಲ. ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ರೋಗವನ್ನು ನಿಶ್ಚಯಿಸುತ್ತದೆ. ಬಯಾಪ್ಸಿ ಮಾಡಿಸಿದರೆ ರೋಗ ಹಬ್ಬುತ್ತದೆಂಬ ಮಾತು ಸುಳ್ಳು. ಗಡ್ಡೆ ಚಿಕ್ಕದಿದ್ದಾಗ ಸುತ್ತಲಿನ ಸ್ವಲ್ಪ ಆರೋಗ್ಯವಂತ ಚರ್ಮದೊಡನೆ ಕತ್ತರಿಸಿ ತೆಗೆದರೆ ಬಹುತೇಕ ಜನ ಗುಣಹೊಂದುತ್ತಾರೆ. ತಡವಾದರೆ ಗ್ರಂಥಿಗಳನ್ನೂ ತೆಗೆಯಬೇಕಾದೀತು, ವಿಕಿರಣ ಚಿಕಿತ್ಸೆಯೂ ಬೇಕಾದೀತು; ಕಾಲಿನದಾದರೆ ಕೆಲವೊಮ್ಮೆ ಕಾಲೇ ಹೋದೀತು.

ಬಾದಾಮಿ, ಹುನಗುಂದದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಹೊರಡುವಾಗ ರೇಷನ್ ಕಾರ್ಡನ್ನೂ ಆಧಾರ್ ಕಾರ್ಡನ್ನೂ ಮರೆಯದೆ ಒಯ್ಯಿರಿ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಅಲ್ಲಿಯೇ ಕೇಳಿ ಪಡೆಯಿರಿ.