ಟೋಕಿಯೊದ ಬೀದಿ ಕಲಿಸಿದ ಕನ್ನಡದ ಪಾಠ

(ಮೈಸೂರಿನಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ್ದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿನವರಿಗೆ ಜಪಾನು ಹೊಸ ಹೆಸರಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಆ ದೇಶವನ್ನು ನೋಡಿ ಬಂದರು. ಅಲ್ಲಿನ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಂಡು ನಮ್ಮ ನಾಡೂ ಹೀಗಾಗಬೇಕೆಂದು ಆಸೆಪಟ್ಟರು. ಇವತ್ತು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಮೊದಲು ಕಾಣುವುದು ಬಾಡಿಗೆ ಮನೆ, ರೈಲು ಮತ್ತು ಕಸದ ಚೀಲ. ಕಂಪ್ಯೂಟರ್ ಕೆಲಸದ ಮೇಲೆ ಕೆಲವು ವರ್ಷ ಟೋಕಿಯೊದಲ್ಲಿದ್ದು ಬಂದ ನಾನೂ ಇದೇ ಗುಂಪಿನವನು. ಆದ್ದರಿಂದ ಬುಲೆಟ್ ರೈಲಿನ ಕಥೆ ಹೇಳುವುದಿಲ್ಲ. ಒಂದು ಪರದೇಶದ ಊರು ತನ್ನ ನುಡಿಯನ್ನು ಹೊಸಬರಿಗೆ ಹೇಗೆ ಕಲಿಸುತ್ತದೆ, ಅದನ್ನು ಹೇಳುತ್ತೇನೆ.

ಹದಿನಾಲ್ಕು ದಿನ

ಟೋಕಿಯೊದ ಒಳನಗರದಲ್ಲಿ 23 ವಾರ್ಡುಗಳಿವೆ. ನಮ್ಮ ಕಾರ್ಪೊರೇಷನ್ ವಾರ್ಡಿನಂತೆ ಚಿಕ್ಕವಲ್ಲ. ಒಂದೊಂದೂ ಒಂದು ಪಟ್ಟಣ, ಒಂದೊಂದಕ್ಕೂ ತನ್ನದೇ ಕಚೇರಿ. ಮನೆ ಸಿಕ್ಕಿದ 14 ದಿನದೊಳಗೆ ಆ ಕಚೇರಿಗೆ ಹೋಗಿ ನಿಮ್ಮ ವಿಳಾಸ ಬರೆಸಬೇಕು. ಆರೋಗ್ಯ ವಿಮೆ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ ಎಲ್ಲಕ್ಕೂ ಅದೇ ಬುಡ. ನಮೂನೆಗಳು ಇರುವುದು ಜಪಾನಿಯಲ್ಲಿ. ಭರ್ತಿ ಮಾಡಿದ ಮಾದರಿಯೋ, ಬೇರೆ ಭಾಷೆಯ ವಿವರಣೆಯೋ ಪಕ್ಕದಲ್ಲಿ ಇರಬಹುದು. ಆದರೆ ಕಚೇರಿಯ ಭಾಷೆ ಜಪಾನಿ. ಅದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ, ಯಾರೂ ಜಂಬವನ್ನೂ ಪಡುವುದಿಲ್ಲ.

ನಂತರ ಬರುವುದು ಕಸದ ಪಾಠ. ಸುಡುವ ಕಸ, ಸುಡದ ಕಸ, ಬಾಟಲಿ, ಡಬ್ಬಿ, ಹಳೇ ಕಾಗದ, ಇವೆಲ್ಲಕ್ಕೂ ಬೇರೆ ಬೇರೆ ದಿನ. ತಪ್ಪು ದಿನ ಇಟ್ಟ ಚೀಲಕ್ಕೆ ಒಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಬೈಗುಳವಿಲ್ಲ, ದಂಡವಿಲ್ಲ. ಇಡೀ ಕೇರಿ ನೋಡುವಂತೆ ಚೀಲ ಅಲ್ಲಿ ಕೂತಿರುತ್ತದೆ, ಅಷ್ಟೆ. ಆ ಚೀಟಿಯನ್ನು ಓದಲಿಕ್ಕಾದರೂ ಅಕ್ಷರ ಕಲಿಯಬೇಕಾಗುತ್ತದೆ!

ಹೆಸರಿಲ್ಲದ ಬೀದಿಗಳು

ನಾನಿದ್ದದ್ದು ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಎಂಬ ಕಡೆ. 2000ನೇ ಇಸವಿಯ ಕಂಪ್ಯೂಟರ್ ಸಮಸ್ಯೆಯ ಕಾಲದಲ್ಲಿ ಇಂಡಿಯಾದ ಎಂಜಿನಿಯರುಗಳು ಹೆಚ್ಚಾಗಿ ಬಂದು ನೆಲೆಸಿದ ಜಾಗ ಅದು. ತೊಜಾಯ್ ಮಾರ್ಗದ ರೈಲು ಹತ್ತಿದರೆ ಪೇಟೆಯ ಕಚೇರಿಗಳಿಗೆ ನೇರ ದಾರಿ. ತೊಗರಿಬೇಳೆ, ಹುಣಸೆಹಣ್ಣು, ಸಾಸಿವೆ ಅಲ್ಲಿ ಸಿಗುತ್ತವೆ. ರಾಜ್ಯೋತ್ಸವಕ್ಕೂ ಯುಗಾದಿಗೂ ಟೋಕಿಯೊದ ಕನ್ನಡಿಗರು ಒಂದೆಡೆ ಸೇರುವುದೂ ಉಂಟು. ಬೇಕೆಂದರೆ ಅಲ್ಲಿ ಜಪಾನಿನ ಒಂದು ಮಾತೂ ಕಲಿಯದೆ, ಕಂಪನಿ ಮತ್ತು ಮನೆಯ ನಡುವೆ ವರ್ಷಗಟ್ಟಲೆ ಕಳೆದುಬಿಡಬಹುದು. ಹಾಗೆ ಕಳೆದವರೂ ಇದ್ದಾರೆ. ಅವರು ಟೋಕಿಯೊದಲ್ಲಿ ಇದ್ದರು, ಬಾಳಲಿಲ್ಲ.

ಊರು ನೋಡಬೇಕಾದರೆ ಕಾಲಿಗೆ ಕೆಲಸ ಕೊಡಬೇಕು. ಟೋಕಿಯೊದ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ ಎಂದರೆ ನೀವು ನಂಬುತ್ತೀರಾ? ಸಯ್ಯಾಜಿರಾವ್ ರಸ್ತೆ, ಇರ್ವಿನ್ ರಸ್ತೆ ಎಂದು ಹೇಳಿ ಬೆಳೆದ ನಮಗೆ ಇದು ವಿಚಿತ್ರ. ಅಲ್ಲಿ ವಿಳಾಸವೆಂದರೆ ಬಡಾವಣೆ, ಅದರ ಭಾಗ, ಆ ಭಾಗದೊಳಗಿನ ತುಂಡಿನ ಸಂಖ್ಯೆ, ಕಟ್ಟಡದ ಸಂಖ್ಯೆ. ದಾರಿ ತಪ್ಪಿದರೆ ಮೂಲೆಯ ಪೊಲೀಸ್ ಚೌಕಿಗೆ ಹೋಗಬೇಕು. 'ಕೋಬಾನ್' ಎನ್ನುತ್ತಾರೆ. ಪೇದೆ ನಕ್ಷೆ ಬಿಡಿಸಿ, ಬೆರಳಿಟ್ಟು ದಾರಿ ತೋರಿಸುತ್ತಾನೆ. ಈ ನೆಪದಲ್ಲೇ ಎಡ, ಬಲ, ನೇರ ಎಂಬ ಮಾತುಗಳು ಬಾಯಿಗೆ ಬಂದವು.

ಭಾನುವಾರಗಳಂದು ಒಂದೊಂದು ಬಡಾವಣೆಗೆ ಹೋಗುತ್ತಿದ್ದೆ. ಶಿನ್-ಓಕುಬೊದಲ್ಲಿ ಕೊರಿಯಾದವರ ಅಂಗಡಿ ಸಾಲು. ಜಿಂಬೋಚೊ ಎಂಬಲ್ಲಿ ನೂರಕ್ಕೂ ಹೆಚ್ಚು ಹಳೇ ಪುಸ್ತಕದ ಅಂಗಡಿಗಳು. ಬಂಧುಗಳೆ, ಕಪಾಟುಗಳ ಮುಂದೆ ನಿಂತು ನನಗೆ ಹೊಟ್ಟೆಕಿಚ್ಚಾಯಿತು. ವೈದ್ಯಶಾಸ್ತ್ರ, ಕಾನೂನು, ಸೇತುವೆ ಕಟ್ಟುವ ಶಾಸ್ತ್ರ, ಎಲ್ಲವೂ ಜಪಾನಿಯಲ್ಲಿ! 1868ರ ನಂತರ ಅವರು ಪಶ್ಚಿಮದ ವಿದ್ಯೆಯನ್ನು ತಮ್ಮ ನುಡಿಗೆ ತಂದರು, ಅದಕ್ಕಾಗಿ ಸಾವಿರಾರು ಹೊಸ ಪದ ಕಟ್ಟಿದರು. ಇವತ್ತಿಗೂ ಅಲ್ಲಿನ ಹುಡುಗ ಡಾಕ್ಟರಾಗುವುದು, ಎಂಜಿನಿಯರಾಗುವುದು ತಾಯ್ನುಡಿಯಲ್ಲೇ ಓದಿ. ನಮ್ಮಲ್ಲಿ ಒಂದನೇ ತರಗತಿಗೇ ಕನ್ನಡ ಸಾಲದು ಎನ್ನುವ ತಂದೆತಾಯಿಗಳಿದ್ದಾರೆ.

ಕನ್ನಡಿಗನಿಗೆ ಕಷ್ಟವಲ್ಲ

ಜಪಾನಿ ಕಷ್ಟ ಎಂದು ಹೆದರಿಸುವವರು ಬಹಳ. ಕಾಂಜಿ ಎಂಬ ಚಿತ್ರಲಿಪಿ ಕಷ್ಟವೇ ಸರಿ, ದಿನಬಳಕೆಯ ಸರ್ಕಾರಿ ಪಟ್ಟಿಯಲ್ಲೇ 2,136 ಇವೆ. ಆದರೆ ವಾಕ್ಯದ ಬೆನ್ನೆಲುಬು ನಮ್ಮದೇ. 'ನಾನು ಮೈಸೂರಿಗೆ ಹೋಗುತ್ತೇನೆ' ಎಂಬುದಕ್ಕೆ 'ವತಾಶಿ ವ ಮೈಸೂರು ನಿ ಇಕಿಮಾಸು' ಎನ್ನುತ್ತಾರೆ. ನಮ್ಮ 'ಗೆ' ಇರುವ ಕಡೆ ಅವರ 'ನಿ', ಕ್ರಿಯಾಪದ ಕೊನೆಗೆ. ನಾವು 'ಹೋಗುತ್ತೀರಾ' ಎಂದು ಕೊನೆಯಲ್ಲಿ 'ಆ' ಸೇರಿಸಿ ಕೇಳಿದರೆ ಅವರು 'ಕಾ' ಸೇರಿಸಿ ಕೇಳುತ್ತಾರೆ. ಅವರ ಕಾಗುಣಿತದ ಅನುಕ್ರಮ ಅ, ಇ, ಉ, ಎ, ಒ; ಆಮೇಲೆ ಕ, ಸ, ತ, ನ. ಬೌದ್ಧ ಭಿಕ್ಷುಗಳ ಜೊತೆ ಹೋದ ನಮ್ಮ ದೇಶದ ಅಕ್ಷರವಿದ್ಯೆಯ ಗುರುತು ಅದು. ವಿಮಾನ ಹತ್ತುವ ಮೊದಲು 46 ಹಿರಾಗಾನ, 46 ಕತಾಕಾನ ಅಕ್ಷರ ಕಲಿತು ಹೋಗಿ. ಅರ್ಧ ಊರು ನಿಮ್ಮ ಕಣ್ಣಿಗೆ ತೆರೆದುಕೊಳ್ಳುತ್ತದೆ.

ಕಲಿಸುವವರೂ ಇದ್ದಾರೆ. ಬಡಾವಣೆಯ ಸಮುದಾಯ ಭವನಗಳಲ್ಲಿ ನಿವೃತ್ತರು, ಗೃಹಿಣಿಯರು ಹೆಸರಿಗಷ್ಟೇ ಶುಲ್ಕ ಪಡೆದು ಹೊರಗಿನವರಿಗೆ ಪಾಠ ಹೇಳುತ್ತಾರೆ. ಇದರ ಹಿಂದೆ ಒಂದು ನೋವೂ ಇದೆ. 1995ರ ಜನವರಿಯಲ್ಲಿ ಕೋಬೆ ಸುತ್ತಿನ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರದ ಗಟ್ಟಿ ಜಪಾನಿಯಲ್ಲಿ ಬಂದ ಎಚ್ಚರಿಕೆಗಳು ಎಷ್ಟೋ ವಿದೇಶಿಯರಿಗೆ ಅರ್ಥವಾಗಲಿಲ್ಲ. ಆಗ ವಿದ್ವಾಂಸರು 'ಸುಲಭ ಜಪಾನಿ' ಎಂಬ ರೂಪ ಕಟ್ಟಿದರು. 'ಸ್ಥಳಾಂತರಗೊಳ್ಳಿ' ಎನ್ನುವ ಕಡೆ 'ಓಡಿಹೋಗಿ' ಎನ್ನುವ ಹಾಗೆ. ಗಮನಿಸಿ, ಎಲ್ಲವನ್ನೂ ಇಂಗ್ಲಿಷಿಗೆ ಬದಲಾಯಿಸಿ ಕೈ ತೊಳೆದುಕೊಳ್ಳಲಿಲ್ಲ. ತಮ್ಮ ನುಡಿಯನ್ನೇ ಹೊಸಬನ ಕೈಗೆಟಕುವಂತೆ ಬಗ್ಗಿಸಿದರು. 2019ರಲ್ಲಿ ಜಪಾನಿ ಕಲಿಸುವುದು ಸರ್ಕಾರದ, ಸ್ಥಳೀಯ ಆಡಳಿತದ ಹೊಣೆ ಎಂದು ಕಾನೂನೇ ಮಾಡಿದರು.

ಕೊರಳಿಗೆ ಕಟ್ಟಿದ ಹಲಗೆ

ಹಾಗೆಂದು ಜಪಾನನ್ನು ತಲೆಯ ಮೇಲೆ ಹೊತ್ತು ಕುಣಿಯಬೇಡಿ. ಮನೆ ಹುಡುಕುವಾಗ 'ವಿದೇಶಿಯರಿಗೆ ಕೊಡುವುದಿಲ್ಲ' ಎಂಬ ಮಾತು ನಾನೂ ಕೇಳಿದ್ದೇನೆ. ಅಲ್ಲಿನ ಸರ್ಕಾರ 2017ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ ಸುಮಾರು 40 ಜನ ಹಾಗೆ ತಿರಸ್ಕಾರಕ್ಕೆ ಒಳಗಾದೆವು ಎಂದಿದ್ದಾರೆ. ಜಪಾನಿ ಚೆನ್ನಾಗಿ ಬಂದರೂ ಬಾಗಿಲು ಮುಚ್ಚುವುದುಂಟು. ಅದು ನುಡಿಯ ಅಭಿಮಾನವಲ್ಲ, ಮನುಷ್ಯದ್ವೇಷ.

ಇನ್ನೊಂದು ಕಥೆ ಇನ್ನೂ ಕಹಿ. ಓಕಿನಾವಾ ದ್ವೀಪದ ಶಾಲೆಗಳಲ್ಲಿ ತಮ್ಮ ಮನೆಮಾತಾಡಿದ ಮಕ್ಕಳ ಕೊರಳಿಗೆ ಒಂದು ಮರದ ಹಲಗೆ ಕಟ್ಟುತ್ತಿದ್ದರು. ಉತ್ತರದ ಐನು ಜನರ ಭಾಷೆ ಇವತ್ತು ಉಸಿರು ಹಿಡಿದುಕೊಂಡಿದೆ. ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ನಮ್ಮ ಊರಿನ ಕಾನ್ವೆಂಟುಗಳಿಗೂ ಆ ಹಲಗೆಗೂ ಏನು ವ್ಯತ್ಯಾಸ? ಹಾಗೆಯೇ ತುಳುವಿನ, ಕೊಡವದ ಮಗುವಿನ ಕೊರಳಿಗೆ ನಾವು ಆ ಹಲಗೆ ಕಟ್ಟಬಾರದು.

ಮೈಸೂರಿನಲ್ಲಿ ಏನಾಗಬೇಕು?

ಈಗ ನಮ್ಮ ಊರಿಗೆ ಬನ್ನಿ. ಹೆಬ್ಬಾಳಿನ ಕಂಪನಿಗಳಿಗೆ ದೇಶದ ಎಲ್ಲೆಡೆಯಿಂದ ಹುಡುಗರು ಬರುತ್ತಾರೆ. ಯೋಗ ಕಲಿಯಲು ಗೋಕುಲಕ್ಕೆ ಜಪಾನಿನವರೂ ಬರುತ್ತಾರೆ. ತಿಂಗಳುಗಟ್ಟಲೆ ಇದ್ದು, 'ಎಷ್ಟು?' ಎಂಬ ಮಾತನ್ನೂ ಕಲಿಯದೆ ಹೊರಡುತ್ತಾರೆ. ತಪ್ಪು ಅವರದೇ? ಬ್ಯಾಂಕಿನಲ್ಲಿ, ಹೋಟೆಲಿನಲ್ಲಿ, ಆಟೋದಲ್ಲಿ ಅವರು ಬಾಯಿ ತೆರೆಯುವ ಮೊದಲೇ ಇಂಗ್ಲಿಷಿಗೂ ಹಿಂದಿಗೂ ಜಾರುವವರು ಯಾರು? ನಾವು!

1982ರಲ್ಲಿ ಗೋಕಾಕ್ ಚಳವಳಿಗೆ ನಾಡೇ ಬೀದಿಗಿಳಿಯಿತು. ಇವತ್ತು ಕಾನೂನುಗಳಿಗೆ ಬರವಿಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇದೆ, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಇದೆ. ಫಲಕದಲ್ಲಿ ಕನ್ನಡ ಬಂತು, ಸಂತೋಷ. ಫಲಕದ ಒಳಗೆ, ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ ಬಂತೆ?

ಆದ್ದರಿಂದ ನಿಮ್ಮ ಮುಂದೆ ಮೂರು ಕೆಲಸ ಇಡುತ್ತೇನೆ. ಮೊದಲನೆಯದು, ಪ್ರತಿ ಬಡಾವಣೆಯಲ್ಲೂ ಭಾನುವಾರ ಎರಡು ಗಂಟೆಯ ಕನ್ನಡ ತರಗತಿ. ಪರಭಾಷಿಕರಿಗೆ ಕನ್ನಡ ಕಲಿಸುವ ವಿದ್ಯೆ ಈ ಊರಿಗೆ ಹೊಸದಲ್ಲ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಇರುವುದು ಮಾನಸಗಂಗೋತ್ರಿಯಲ್ಲೇ. ಎರಡನೆಯದು, 'ಸದರಿ', 'ಮೇಲ್ಕಂಡ', 'ತತ್ಸಂಬಂಧ' ಎಂಬ ಕಚೇರಿ ಕನ್ನಡವನ್ನು ಸುಲಭ ಕನ್ನಡ ಮಾಡಿ ಎಂದು ಪಾಲಿಕೆಯ ಬಾಗಿಲು ತಟ್ಟುವುದು. ನಮಗೇ ಅರ್ಥವಾಗದ ನಮೂನೆ ಬಿಹಾರದಿಂದ ಬಂದವನಿಗೆ ಅರ್ಥವಾದೀತೆ? ಮೂರನೆಯದು, ಮೊದಲ ಮಾತು ಕನ್ನಡದಲ್ಲಿ. ಎದುರಿಗಿರುವವರು ತಡವರಿಸಿದರೆ ನಗಬೇಡಿ, ಬೈಯಬೇಡಿ, ಕೈ ಎತ್ತಬೇಡಿ. ನಿಧಾನವಾಗಿ ಇನ್ನೊಮ್ಮೆ ಹೇಳಿ, ಕನ್ನಡದಲ್ಲೇ.

ನಿಮ್ಮಲ್ಲಿ ಕೆಲವರು ನಾಳೆ ಟೋಕಿಯೊಗೋ ಒಸಾಕಾಗೋ ಹೋಗುವವರು. ಹೋಗಿ, ಚೆನ್ನಾಗಿ ದುಡಿಯಿರಿ, ಆ ನೆಲದ ನುಡಿ ಕಲಿತು ಅಲ್ಲಿನ ನೆರೆಯವರಾಗಿ. ಮನೆಯೊಳಗೆ ಮಕ್ಕಳ ಜೊತೆ ಕನ್ನಡ ಆಡಿ. ಹೋದ ಊರಿನ ನುಡಿಗೆ ಮರ್ಯಾದೆ ಕೊಟ್ಟವನಿಗೆ ಮಾತ್ರ ತನ್ನ ಊರಿಗೆ ಬಂದವರಿಂದ ಆ ಮರ್ಯಾದೆ ಕೇಳುವ ಹಕ್ಕಿದೆ.

ಸಿರಿಗನ್ನಡಂ ಗೆಲ್ಗೆ.