ಇಂಗ್ಲಿಷ್ ಬರದಿದ್ದರೂ ಚಿತ್ರ ಕಲಿಯಬಹುದು

(ಸ್ವಸಹಾಯ ಸಂಘಗಳ ತಾಲೂಕು ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಅಂದರೆ ನಾವು ಯಾವಾಗಲೂ ಉಳಿತಾಯ, ಸಾಲ, ಮರುಪಾವತಿ ಅಂತಲೇ ಮಾತಾಡುತ್ತೇವೆ. ಇವತ್ತು ಸ್ವಲ್ಪ ಬೇರೆ ವಿಷಯ. ನಿಮ್ಮಲ್ಲಿ ಹಲವರ ಮನೆಯಲ್ಲಿ ಚೆನ್ನಾಗಿ ಚಿತ್ರ ಬರೆಯುವ ಮಕ್ಕಳಿದ್ದಾರೆ. "ಏನೋ ಗೀಚ್ತಾ ಕೂತಿರ್ತಾಳೆ ಸಿಸ್ಟರ್" ಅಂತ ನೀವೇ ಹೇಳುತ್ತೀರಿ. "ಚಿತ್ರಕಲೆ ಕಾಲೇಜಿಗೆ ಕಳಿಸಬಹುದಲ್ಲಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಅಯ್ಯೋ, ಅಲ್ಲೆಲ್ಲ ಇಂಗ್ಲಿಷ್ ಬೇಕಂತೆ, ನಮ್ಮ ಹುಡುಗಿ ಓದಿದ್ದು ಕನ್ನಡ ಶಾಲೆ." ಈ ಭಯದ ಬಗ್ಗೆ ಮಾತಾಡೋಣ. ಮೊದಲು ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಸಾಗರದ ಕಡೆಯ ಒಂದು ಸಂಘದ ಸದಸ್ಯೆ ತಮ್ಮ ಮಗಳನ್ನು ನಮ್ಮ ಬಳಿ ಕರೆತಂದರು. ಹುಡುಗಿ ಪಿ.ಯು.ಸಿ. ಮುಗಿಸಿದ್ದಳು. ಅವಳ ಅಜ್ಜಿ ಹಸೆ ಚಿತ್ತಾರ ಬರೆಯುವವರು. ನಿಮಗೆ ಗೊತ್ತಿರುವುದೇ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆ ಬಂದರೆ ಮೊಮ್ಮಗಳೂ ಅಜ್ಜಿಯ ಪಕ್ಕ ಕೂತು ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಳು. ಕೈ ಬಹಳ ಚೆನ್ನಾಗಿತ್ತು.

ಒಂದು ಕಲಾ ಕಾಲೇಜಿನ ಅರ್ಜಿ ತಂದಿದ್ದರು. ಅದರಲ್ಲಿ ಒಂದು ಪುಟ, "ನೀವು ಕಲೆಯನ್ನು ಯಾಕೆ ಕಲಿಯಬೇಕೆಂದಿದ್ದೀರಿ, ಇಂಗ್ಲಿಷಿನಲ್ಲಿ ಬರೆಯಿರಿ" ಅಂತ. ಆ ಪುಟ ನೋಡಿಯೇ ತಾಯಿ ಮಗಳು ಹೆದರಿದ್ದರು. "ಇಷ್ಟೇ ತಾನೇ, ಕೊಡಿ ಇಲ್ಲಿ" ಅಂದೆವು. ನಾವೇ ಕೂತು ದೊಡ್ಡ ದೊಡ್ಡ ಪದಗಳಲ್ಲಿ ಸೊಗಸಾಗಿ ಒಂದು ಪುಟ ಬರೆದುಕೊಟ್ಟೆವು. ಸಂಪ್ರದಾಯ, ಆಧುನಿಕತೆ, ಸೃಜನಶೀಲತೆ ಎಲ್ಲಾ ಅದರಲ್ಲಿತ್ತು. ಹುಡುಗಿ ಮಾತ್ರ ಇರಲಿಲ್ಲ.

ಸಂದರ್ಶನದಲ್ಲಿ ಅವರು ಆ ಪುಟವನ್ನೇ ಹಿಡಿದು ಪ್ರಶ್ನೆ ಕೇಳಿದರು. "ನೀನೇ ಬರೆದದ್ದಲ್ಲವೇ, ಇದರ ಅರ್ಥ ಹೇಳು" ಅಂದರು. ಅವಳಿಗೆ ಬಾಯಿ ಕಟ್ಟಿಹೋಯಿತು. ತಂದಿದ್ದ ಚಿತ್ರಗಳು ಚೀಲದಲ್ಲೇ ಉಳಿದವು. ಸೀಟು ಸಿಗಲಿಲ್ಲ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತಾಯಿಗೆ ಹೇಳಿದ್ದು ಒಂದೇ ಮಾತು: "ಅಮ್ಮಾ, ನನ್ನ ಚಿತ್ರ ಯಾರೂ ನೋಡ್ಲೇ ಇಲ್ಲ." ತಾಯಿ ಬಂದು ಅದನ್ನು ನಮಗೆ ಹೇಳಿದಾಗ ನಮಗೆ ತಲೆ ಎತ್ತಲು ಆಗಲಿಲ್ಲ. ಸಹಾಯ ಮಾಡುತ್ತೇವೆ ಅಂತ ಹೋಗಿ, ಅವಳ ಮಾತನ್ನು ನಾವೇ ಕಿತ್ತುಕೊಂಡಿದ್ದೆವು.

ಪವಿತ್ರ ಗ್ರಂಥದ ವಿಮೋಚನಾಕಾಂಡದಲ್ಲಿ, 4ನೇ ಅಧ್ಯಾಯದಲ್ಲಿ, ಮೋಶೆ ದೇವರ ಹತ್ತಿರ ತನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಅನ್ನುತ್ತಾನೆ. ದೇವರು ಅವನನ್ನು ಬಿಟ್ಟು ಬೇರೆಯವರನ್ನು ಹುಡುಕಲಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಆದರೆ ಏನು ಹೇಳಬೇಕು ಎಂಬುದನ್ನು ಮೋಶೆಯೇ ಆರೋನನಿಗೆ ಹೇಳಿಕೊಡಬೇಕಿತ್ತು. ನಾವು ಅದನ್ನು ತಿರುಗುಮುರುಗು ಮಾಡಿದ್ದೆವು.

ಮರುವರ್ಷ ಮತ್ತೆ ಅರ್ಜಿ ಹಾಕೋಣ ಅಂದೆವು. ತಾಯಿ ಒಪ್ಪಿದರು, ಹುಡುಗಿ ಒಪ್ಪಲಿಲ್ಲ. ಬಹಳ ದಿನ ಬೇಕಾಯಿತು. ಕೊನೆಗೆ ಒಂದು ದಿನ ಬುಟ್ಟಿಯ ಚಿತ್ರವನ್ನು ಮುಂದೆ ಇಟ್ಟುಕೊಂಡು "ಇದನ್ನು ಯಾಕೆ ಹೀಗೆ ಬರೆದೆ?" ಅಂತ ಕನ್ನಡದಲ್ಲೇ ಕೇಳಿದೆವು. ನೋಡಿ, ಎಷ್ಟು ಮಾತಾಡಿದಳು! ಈ ಗೆರೆ ಯಾಕೆ, ಭತ್ತದ ಸಸಿ ಎಲ್ಲಿ ಬರಬೇಕು, ಅಜ್ಜಿಗೆ ಈಗ ಕೈ ನಡುಗುತ್ತದೆ, ಗೆರೆ ಸೊಟ್ಟ ಆದರೆ ಅಜ್ಜಿ ಹೇಗೆ ಸರಿಮಾಡ್ತಾರೆ, ಎಲ್ಲ ಹೇಳಿದಳು. ಅವಳ ಮಾತನ್ನು ಹಾಗೇ ಕನ್ನಡದಲ್ಲಿ ಬರೆದುಕೊಂಡೆವು. ಆಮೇಲೆ ಊರಿನ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಜೊತೆ ಕೂರಿಸಿ, ಅದನ್ನೇ ಹನ್ನೆರಡು ಚಿಕ್ಕ ವಾಕ್ಯ ಮಾಡಿಸಿದೆವು. "ಇದನ್ನು ನಾನು ನನ್ನ ಅಜ್ಜಿಯಿಂದ ಕಲಿತೆ" ಎನ್ನುವಂಥ ವಾಕ್ಯಗಳು. ಅವಳಿಗೆ ಅರ್ಥವಾಗದ ಒಂದು ಪದವನ್ನೂ ಇಡಲಿಲ್ಲ.

ಸಂದರ್ಶನದಲ್ಲಿ ಮೊದಲ ಮೂರು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ "ಸರ್, ಉಳಿದದ್ದು ಕನ್ನಡದಲ್ಲಿ ಹೇಳಬಹುದಾ?" ಅಂತ ಕೇಳಿದಳು. "ಹೇಳಮ್ಮಾ" ಅಂದರಂತೆ. ಈ ಸಲ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ನೋಡಿದರು. ಸೀಟು ಸಿಕ್ಕಿತು.

ಅಲ್ಲಿಗೆ ಎಲ್ಲ ಸುಲಭವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಕಲಾ ಇತಿಹಾಸದ ಪತ್ರಿಕೆಯಲ್ಲಿ ಫೇಲಾದಳು. ಎರಡನೇ ಸಲ ಕಟ್ಟಿ ಪಾಸಾದಳು. ಅವಳು ಮಾಡಿದ ಉಪಾಯ ಇದು: ಒಂದು ನೋಟ್ ಪುಸ್ತಕದಲ್ಲಿ ಪ್ರತಿಯೊಂದು ಇಂಗ್ಲಿಷ್ ಪದದ ಪಕ್ಕ ಕನ್ನಡ ಅರ್ಥ ಬರೆದು, ಒಂದು ಚಿಕ್ಕ ಚಿತ್ರವನ್ನೂ ಬಿಡಿಸುವುದು. "ಪರ್ಸ್‌ಪೆಕ್ಟಿವ್" ಅಂದರೆ ದೂರ ಹೋದಂತೆ ಕಿರಿದಾಗುವ ರಸ್ತೆ. "ಟೆಕ್ಸ್‌ಚರ್" ಅಂದರೆ ಬುಟ್ಟಿಯ ಮೈಯ ಒರಟು. ಕೈಯಲ್ಲಿ ಬಿಡಿಸಿದ ಪದ ಮರೆತುಹೋಗುವುದಿಲ್ಲ.

ಅಕ್ಕತಂಗಿಯರೇ, ಕಲಾ ಶಾಲೆಗಳು ನಮ್ಮಂಥವರಿಗಲ್ಲ ಅಂದುಕೊಳ್ಳಬೇಡಿ. ನಮ್ಮ ನಾಡಿನ ದೊಡ್ಡ ಕಲಾವಿದ ಕೆ. ವೆಂಕಟಪ್ಪನವರು ಹುಟ್ಟಿದ್ದು ಚಿತ್ರಗಾರರ ಮನೆತನದಲ್ಲಿ. ಮೈಸೂರು ಮಹಾರಾಜರ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತರು. ಬಾದಾಮಿಯ ಆರ್.ಎಂ. ಹಡಪದ್ ಮೇಷ್ಟ್ರು 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾ ಶಾಲೆ ಶುರುಮಾಡಿ, ಹಳ್ಳಿಗಳಿಂದ ಬಂದ ಎಷ್ಟೋ ಬಡ ಮಕ್ಕಳಿಗೆ ಚಿತ್ರ ಕಲಿಸಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಜನ "ಕಾವಾ" ಅನ್ನುತ್ತಾರೆ. ಅದರ ಹಳೆಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು 1906ರಲ್ಲಿ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಚಿತ್ರಕಲಾ ಪರಿಷತ್ತು ಇದೆ. ದಾವಣಗೆರೆ, ಧಾರವಾಡ, ಕಲಬುರಗಿಗಳಲ್ಲೂ ಕಲಾ ಕಾಲೇಜುಗಳಿವೆ.

ಈಗ ನೀವು ಮಾಡಬೇಕಾದ ಕೆಲವು ಕೆಲಸ ಹೇಳುತ್ತೇವೆ. ಬರೆದುಕೊಳ್ಳಿ.

1. ಹೈಸ್ಕೂಲಿನಲ್ಲಿರುವಾಗಲೇ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ, ಲೋವರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆ ಕಟ್ಟಿಸಿ. ಇದು ಸರ್ಕಾರದ ಪರೀಕ್ಷೆ. ಪೆನ್ಸಿಲು, ಬಣ್ಣದ ಮೇಲೆ ಕೈ ಪಳಗುತ್ತದೆ.

2. ಮಕ್ಕಳು ಬರೆದ ಚಿತ್ರಗಳನ್ನು ಒಲೆಗೆ, ರದ್ದಿಗೆ ಹಾಕಬೇಡಿ. ತಾರೀಖು ಬರೆದು ಒಂದು ರಟ್ಟಿನ ಫೈಲಿನಲ್ಲಿಡಿ. ರಂಗೋಲಿ, ಹಸೆ, ಬುಟ್ಟಿ, ಕಸೂತಿ ಇದ್ದರೆ ಫೋಟೋ ತೆಗೆಸಿ ಜೊತೆಗಿಡಿ. ಪ್ರವೇಶಕ್ಕೆ ಹೋದಾಗ ಇದೇ ನಿಮ್ಮ ಮಗಳ ದೊಡ್ಡ ಸರ್ಟಿಫಿಕೇಟು.

3. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಫೋನ್ ಮಾಡಿ, ಇಲ್ಲವೇ ಹೋಗಿ ಮೂರು ಪ್ರಶ್ನೆ ಕೇಳಿ. ಪ್ರವೇಶ ಪರೀಕ್ಷೆ ಯಾವ ಭಾಷೆಯಲ್ಲಿ? ಸಂದರ್ಶನದಲ್ಲಿ ಕನ್ನಡ ಮಾತಾಡಬಹುದೇ? ವರ್ಷದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುತ್ತಾರಾ? ಒಂದೊಂದು ಕಡೆ ಒಂದೊಂದು ರೀತಿ. ಫ್ಯಾಷನ್ ಕಲಿಸುವ ನಿಫ್ಟ್‌ನಂಥ ಕೇಂದ್ರ ಸರ್ಕಾರದ ಸಂಸ್ಥೆಗೆ ಲಿಖಿತ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಇಂಗ್ಲಿಷ್ ಭಾಷೆಯ ಪ್ರಶ್ನೆಗಳೂ ಇರುತ್ತವೆ. ಅಲ್ಲಿಗೆ ಹೋಗುವುದಾದರೆ ಎರಡು ವರ್ಷ ಮೊದಲೇ ತಯಾರಿ ಬೇಕು.

4. ಇಂಗ್ಲಿಷಿನಲ್ಲಿ ಬರೆಯಬೇಕಾದ ಪುಟವಿದ್ದರೆ, ಮೊದಲು ಮಗು ಕನ್ನಡದಲ್ಲಿ ಬರೆಯಲಿ. ಬಲ್ಲವರು ಅದನ್ನು ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷ್ ಮಾಡಿಕೊಡಲಿ. ನಂತರ ಮಗು ಪ್ರತಿ ವಾಕ್ಯದ ಅರ್ಥವನ್ನು ನಿಮಗೆ ಕನ್ನಡದಲ್ಲಿ ಹೇಳಬೇಕು. ಹೇಳಲು ಬರದ ವಾಕ್ಯವನ್ನು ಹೊಡೆದುಹಾಕಿ. ಈ ಪರೀಕ್ಷೆ ಮಾಡಲು ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಸೈಬರ್ ಅಂಗಡಿಯಲ್ಲಿ ದುಡ್ಡು ಕೊಟ್ಟು, ಈಗಿನ ಕಾಲದಲ್ಲಿ ಮೊಬೈಲಿನಿಂದ, ಚೆಂದದ ಪುಟ ಬರೆಸಿಕೊಳ್ಳಬಹುದು. ನಾವು ಮಾಡಿದ ತಪ್ಪೇ ಅದು.

5. ಇಂಗ್ಲಿಷನ್ನು ಬಿಟ್ಟೇಬಿಡಿ ಅಂತ ನಾವು ಹೇಳುತ್ತಿಲ್ಲ. ದಿನಕ್ಕೆ ಎರಡು ಪದ, ಅದರ ಜೊತೆ ಚಿತ್ರ. ವರ್ಷಕ್ಕೆ ಏಳುನೂರು ಪದ ಆಗುತ್ತದೆ. ಕಾಲೇಜು ಸೇರಿದ ಮೇಲೆ ಬೇಕೇ ಬೇಕು.

ಇನ್ನು ದುಡ್ಡಿನ ಮಾತು. ಪದವಿ ನಾಲ್ಕು ವರ್ಷದ್ದು, ಕಾಗದ, ಬಣ್ಣದ ಖರ್ಚು ಬೇರೆ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನ ವಿಚಾರಿಸಿ. ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಮಾನ್ಯತೆ ಇರುವ ಕಾಲೇಜಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಬಹುದು. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡವಿಡಬೇಕಾಗಿಲ್ಲ.

ಅದಕ್ಕೂ ಮೊದಲು ಅರ್ಜಿ ಶುಲ್ಕ, ಬಸ್ ಚಾರ್ಜು, ನಾಲ್ಕು ಒಳ್ಳೆಯ ಶೀಟು, ಒಂದು ಪೆಟ್ಟಿಗೆ ಬಣ್ಣ, ಇಷ್ಟಕ್ಕೇ ಎಷ್ಟೋ ಮಕ್ಕಳು ಹಿಂದೆ ಬೀಳುತ್ತಾರೆ. ಇಲ್ಲಿ ಸಂಘ ಬೇಕು. ಮದುವೆಗೆ ಅಂದರೆ ನಾವು ಎರಡನೇ ಮಾತಿಲ್ಲದೆ ಆಂತರಿಕ ಸಾಲ ಕೊಡುತ್ತೇವೆ. ಮಗಳು ಪ್ರವೇಶ ಪರೀಕ್ಷೆಗೆ ಹೋಗ್ತಾಳೆ ಅಂದರೆ "ಚಿತ್ರ ಬರೆದು ಏನ್ ಮಾಡ್ತಾಳೆ?" ಅಂತ ಕೇಳುತ್ತೇವೆ. ಹೌದಲ್ವಾ?

ಅದಕ್ಕೂ ಉತ್ತರ ಇದೆ. ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ ಆಗಬಹುದು. ಪುಸ್ತಕ, ಜಾಹೀರಾತು, ಬಟ್ಟೆಯ ವಿನ್ಯಾಸ, ಫೋಟೋಗ್ರಫಿ, ಶಿಲ್ಪ ಇವೆ. ಪ್ರತಿ ವರ್ಷ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಕಲಾವಿದರು ತಾವೇ ಕೂತು ಚಿತ್ರ ಮಾರುತ್ತಾರೆ. ಮೊದಲ ದಿನದಿಂದಲೇ ಕೈತುಂಬ ಸಂಬಳ ಬರುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಕೈಯಲ್ಲಿರುವ ವಿದ್ಯೆ ಹಾಳಾಗದೆ ಅನ್ನ ಕೊಡುವ ದಾರಿ ಇದೆ.

ಆ ಹುಡುಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಕಳೆದ ರಜೆಯಲ್ಲಿ ಬಂದಾಗ ಅಜ್ಜಿಯ ಪಕ್ಕ ಕೂತು, ಅಜ್ಜಿ ಹೇಳಿದ ಒಂದೊಂದು ಚಿತ್ತಾರದ ಹೆಸರನ್ನೂ ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಕನ್ನಡದಲ್ಲೂ, ಪಕ್ಕದಲ್ಲಿ ಇಂಗ್ಲಿಷಿನಲ್ಲೂ.

ಈ ತಿಂಗಳ ಸಂಘದ ಸಭೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಚಿತ್ರ ಬರೆಯುವ ಮಕ್ಕಳು ಯಾರು ಯಾರು ಅಂತ ಪಟ್ಟಿ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಒಕ್ಕೂಟದ ಸಭೆಗೆ ಆ ಮಕ್ಕಳನ್ನೂ, ಅವರ ಚಿತ್ರಗಳನ್ನೂ ಕರೆತನ್ನಿ. ಮೊದಲು ನಾವು ನೋಡೋಣ.